ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ

ಎಲ್ಲಕ್ಕೂ ಮೊದಲು ಬಾಗಿಲ ಮೇಲೆ ಕೂತು ನಮ್ಮ ಮನೆ ಕಾಯುವ ಗಣಪನಿಗೆ ಕೈಮುಗಿದು, ನಂಬಿದವರ ಕೈಯನ್ನು ಎಂದೂ ಬಿಡದ ಮನೆದೇವರು ರಂಗನಾಥನ ಪಾದಕ್ಕೆ ತಲೆಬಾಗಿ, ಈ ನಾಲ್ಕು ಮಾತು ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ನನ್ನದು, ನಗು ಬಂದರೆ ಅವನದು.

ದೇವರಿಗೆ ನಮ್ಮ ಮನೆಯ ಮೇಲೆ ಒಂದು ವಿಶೇಷ ಪ್ರೀತಿ. ಅವನಿಗೆ ಸ್ವಲ್ಪ ನಗಬೇಕು ಅನ್ನಿಸಿದಾಗಲೆಲ್ಲ ಜಪಾನಿನ ಸಗಮಿಹಾರಾದ ನಮ್ಮ ಅಪಾರ್ಟ್‌ಮೆಂಟಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾನೆ. ಹಾಗಾಗಿ ಇಂಥವು ನಮ್ಮಲ್ಲಿ ಆಗುತ್ತಲೇ ಇರುತ್ತವೆ. ಕೊರೊನಾ ಕಾಲದಲ್ಲಂತೂ ಅವನಿಗೂ ಬೇರೆ ಮನರಂಜನೆ ಇರಲಿಲ್ಲವೋ ಏನೋ, ದೃಷ್ಟಿ ಪೂರಾ ನಮ್ಮ ಮೇಲೇ ಇತ್ತು.

ಮನೆಯಲ್ಲಿ ನಾವು ಮೂವರು. ನಾನು, ನಮ್ಮ ಯಜಮಾನರು, ಎರಡನೇ ತರಗತಿಯ ಮಗಳು. ಯಜಮಾನರದು ಟೋಕಿಯೋದ ಶಿನಾಗಾವಾದ ಆಫೀಸಿನಲ್ಲಿ ಕೆಲಸ. ಕೊರೊನಾ ಬಂದು ಆಫೀಸು ಮುಚ್ಚಿದಾಗ, ಎಲ್ಲರಿಗೂ ಕೊಡುವಷ್ಟು ಲ್ಯಾಪ್‌ಟಾಪ್ ಇಲ್ಲವೆಂದು, ಅವರ ತಂತ್ರಾಂಶವನ್ನು ನಮ್ಮ ಮನೆಯ ಕಂಪ್ಯೂಟರಿಗೇ ಹಾಕಿಕೊಟ್ಟರು. ಮನೆಯಲ್ಲಿದ್ದದ್ದು ಅದೊಂದೇ ಕಂಪ್ಯೂಟರ್. ಮಾರ್ಚ್ ಕೊನೆಗೆ ಅವರ ಕಾಂಟ್ರಾಕ್ಟ್ ನವೀಕರಣ ಆಗಬೇಕಿತ್ತು. ಆಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಹೊರಡಬೇಕು, ಹೊರಡೋಣವೆಂದರೆ ವಿಮಾನವೂ ಇಲ್ಲ. ಇಂಥ ಹೊತ್ತಿನಲ್ಲಿ ಆ ಕಂಪ್ಯೂಟರಿಗೆ ಇನ್ನೊಂದು ಸಿಸ್ಟಂ ಹಾಕಬೇಕು ಅನ್ನುವ ಬುದ್ಧಿ ನನಗೆ ಬಂತು. ಕೊಟ್ಟವನು ರಂಗನಾಥ ಅಂತ ನಾನು ಅಂದೆ. ನಮ್ಮವರು ಬೇರೆ ಏನೋ ಅಂದರು.

೧. ಅಪ್ಪಣೆ

ಆಫೀಸಿನ ತಂತ್ರಾಂಶ ಬಂದ ಮೇಲೆ ಆ ಕಂಪ್ಯೂಟರ್ ಬಲು ಮಡಿವಂತನಾಯಿತು. ಪೂಜೆಗೆ ಮಡಿ ಉಟ್ಟವರು ಹೇಗೆ ಯಾರನ್ನೂ ಮುಟ್ಟಿಸಿಕೊಳ್ಳುವುದಿಲ್ಲವೋ ಹಾಗೆ, ಅದು ಬೇರೆ ಯಾವ ಪ್ರೋಗ್ರಾಮನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಮಗಳ ಆನ್‌ಲೈನ್ ಕನ್ನಡ ಪಾಠ ನಿಂತಿತು. ಜಪಾನಿನಲ್ಲಿ ಅಲ್ಲಲ್ಲಿ ಚದುರಿರುವ ನಾವು ಕೆಲವು ಹೆಂಗಸರು ವಿಡಿಯೊದಲ್ಲಿ ಸೇರಿ ಮಾಡುತ್ತಿದ್ದ ಭಜನೆ ನನ್ನ ಫೋನಿಗೆ ಇಳಿಯಿತು. ಅದರಲ್ಲಿ ಒಬ್ಬೊಬ್ಬರ ಮುಖವೂ ಬೆಂಡೆಕಾಯಿ ಬೀಜದಷ್ಟು.

ಮದುವೆಗೆ ಮುಂಚೆ ನಾನು ತುಮಕೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವಳು. ಒಂದೇ ಪೆಟ್ಟಿಗೆಯಲ್ಲಿ ಎರಡು ಸಿಸ್ಟಂ ಇಡಬಹುದು, ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ, ಇದು ನನಗೆ ಗೊತ್ತಿತ್ತು. ಹಳೆಯದಾದ ವಿಂಡೋಸ್ ಆಫೀಸಿಗೆ, ಪಕ್ಕದಲ್ಲಿ ಹೊಸದಾಗಿ ಲಿನಕ್ಸ್ ನಮಗೆ.

"ಒಂದೇ ಮನೇಲಿ ಎರಡು ಒಲೆ ರೀ," ಅಂದೆ. "ಮಡಿ ಅಡುಗೆ ಒಂದರಲ್ಲಿ, ನಮ್ಮದು ಇನ್ನೊಂದರಲ್ಲಿ."

"ಬೆಂಕಿ ಹತ್ತಿದ್ರೆ ಎರಡೂ ಒಟ್ಟಿಗೆ ಹೋಗುತ್ತೆ ಕಣೇ."

"ಬೆಂಕಿ ಯಾಕೆ ಹತ್ತುತ್ತೆ, ರಂಗನಾಥ ಇಲ್ವಾ?"

"ರಂಗನಾಥ ಇದ್ದಾನೆ. ಬುಚೋ ಸಾನ್ ಕೂಡ ಇದ್ದಾರೆ."

ಬುಚೋ ಸಾನ್ ಅಂದರೆ ನಮ್ಮವರ ವಿಭಾಗದ ಮುಖ್ಯಸ್ಥರು. ಕಾಂಟ್ರಾಕ್ಟಿಗೆ ಮುದ್ರೆ ಒತ್ತಬೇಕಾದವರೂ ಅವರೇ. ಅವರನ್ನು ಕೇಳದೆ ಮಾಡುವುದು ನನಗೂ ಸರಿ ಕಾಣಲಿಲ್ಲ. ನಮ್ಮವರು ಒಂದಿಡೀ ಬೆಳಗು ಕೂತು ಇಂಗ್ಲಿಷಿನಲ್ಲಿ ಮೇಲ್ ಬರೆದರು, ಮುಕ್ಕಾಲು ಪಾಲು ಕ್ಷಮೆ, ಕಾಲು ಪಾಲು ವಿಷಯ. ಉತ್ತರ ಬಂತು. ಮನೆಯ ಕಂಪ್ಯೂಟರ್ ಮನೆಯವರದು, ನಮ್ಮ ತಂತ್ರಾಂಶಕ್ಕೆ ತೊಂದರೆಯಾಗದಿದ್ದರೆ ನನ್ನ ಅಭ್ಯಂತರವಿಲ್ಲ, ತೊಂದರೆಯಾದರೆ ಮಾತ್ರ ಅದು ಸ್ವಲ್ಪ... ಅಷ್ಟಕ್ಕೇ ನಿಲ್ಲಿಸಿ ಚುಕ್ಕೆ ಇಟ್ಟಿದ್ದರು.

ಜಪಾನಿನವರು 'ಸ್ವಲ್ಪ' ಅಂತ ನಿಲ್ಲಿಸಿದರೆ ಉಳಿದದ್ದು ಸ್ವಲ್ಪವಲ್ಲ ಅಂತ ಇಲ್ಲಿ ಇರುವವರಿಗೆಲ್ಲ ಗೊತ್ತು. "ಆ ಚುಕ್ಕೆಗಳೊಳಗೆ ನನ್ನ ಕೆಲಸ ಕೂತಿದೆ ಕಣೇ," ಅಂತ ನಮ್ಮವರು ಪರದೆಯನ್ನೇ ನೋಡುತ್ತಾ ಕೂತರು.

ಅವರು ಎದ್ದು ಹೋದ ಮೇಲೆ ನಾನು ಆ ಚುಕ್ಕೆಗಳಿಗೆ ಒಂದೊಂದು ಕುಂಕುಮ ಇಟ್ಟು ನಮಸ್ಕಾರ ಮಾಡಿ ಬಂದೆ. ಮಾರನೇ ದಿನ ನಮ್ಮವರು ಎಲ್ಲರ ಇ-ಮೇಲಿನಲ್ಲೂ ಕೆಂಪು ಚುಕ್ಕೆ ಬರುತ್ತಿದೆ, ಇದು ಏನೋ ವೈರಸ್ಸೇ ಅಂತ ಆಫೀಸಿನ ಸಹಾಯವಾಣಿಗೆ ಫೋನ್ ಮಾಡಲು ಹೊರಟಿದ್ದರು.

೨. ಚಕ್ರ

ಶುಭಕಾರ್ಯಕ್ಕೆ ಮುಹೂರ್ತ ಬೇಕಲ್ಲ. ಮೈಸೂರಿನಲ್ಲಿರುವ ನಮ್ಮ ಪುರೋಹಿತರಿಗೆ ಫೋನ್ ಮಾಡಿದೆ.

"ರಾಹುಕಾಲ ನಿಮ್ಮೂರಿಂದು ನೋಡ್ಲಾ, ನಮ್ಮೂರಿಂದು ನೋಡ್ಲಾ?" ಅಂತ ಕೇಳಿದೆ.

"ಎಲ್ಲಿ ಕೂತು ಮಾಡ್ತೀರೋ ಅಲ್ಲಿಯ ಸೂರ್ಯೋದಯ ನೋಡಬೇಕು ತಾಯಿ. ರಾಹು ಪಾಸ್‌ಪೋರ್ಟ್ ನೋಡಿ ಓಡಾಡಲ್ಲ."

ಒಳ್ಳೆಯ ಗಳಿಗೆ ಹೇಳಿದರು. ಆಮೇಲೆ, "ಯಂತ್ರ ಅಂದ್ರೆ ಯಂತ್ರವೇ. ಹೊಸ ಗಾಡಿ ತಗೊಂಡಾಗ ಮಾಡೋ ಹಾಗೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿಬಿಡಿ, ದೃಷ್ಟಿ ಹೋಗುತ್ತೆ," ಅಂದರು.

"ಕಂಪ್ಯೂಟರಿಗೆ ಚಕ್ರ ಇರಲ್ವಲ್ಲ ಸ್ವಾಮಿ."

"ಯಾವುದಕ್ಕೂ ಇಲ್ವಾ?"

"ಅದರ ಮುಂದಿನ ಕುರ್ಚಿಗಿದೆ."

ಅತ್ತ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು. "ಕುರ್ಚಿ ಕೂಡದು ಅಂತ ಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ," ಅಂದರು.

ಕೆಳಗಿನ ಕೊಂಬಿನಿ ಅಂಗಡಿಯಿಂದ ನಿಂಬೆಹಣ್ಣು ತಂದೆ. ಇಲ್ಲಿ ಒಂದೊಂದು ಹಣ್ಣಿಗೂ ಪ್ಲಾಸ್ಟಿಕ್ ಅಂಗಿ ತೊಡಿಸಿ ಮಾರುತ್ತಾರೆ, ಬಿಚ್ಚುವಾಗ ಪಾಪ ಅನ್ನಿಸುತ್ತದೆ. ಗಳಿಗೆ ಬರುವ ಹೊತ್ತಿಗೆ ನಮ್ಮವರು ಮೀಟಿಂಗಿನಲ್ಲಿದ್ದರು. ಮುಹೂರ್ತ ಮೀಟಿಂಗಿಗೆ ಕಾಯುತ್ತದೆಯೇ? ನಾನು ಸದ್ದಿಲ್ಲದೆ ಮೇಜಿನ ಕೆಳಗೆ ತೆವಳಿಕೊಂಡು ಹೋಗಿ ಕುರ್ಚಿಯ ಚಕ್ರಗಳ ಹಿಂದೆ ಹಣ್ಣಿಟ್ಟು ಬಂದೆ. ಮೀಟಿಂಗ್ ಮುಗಿಯಿತು. ನಮ್ಮವರು ಪದ್ಧತಿಯಂತೆ ಎದ್ದು ಬುಚೋ ಸಾನ್‌ಗೆ ಬಗ್ಗಿ ನಮಸ್ಕರಿಸಿದರು. ಕುರ್ಚಿ ಹಿಂದಕ್ಕೆ ಉರುಳಿತು. ಲಟಕ್ ಅಂತ ಸದ್ದಾಯಿತು. ಮೂಳೆ ಮುರಿದ ಹಾಗೇ ಇತ್ತು ಆ ಸದ್ದು.

ಬುಚೋ ಸಾನ್ ಗಾಬರಿಯಾಗಿ, "ಬೆನ್ನಿಗೆ ಏನಾದರೂ ಆಯಿತೇ?" ಅಂದರು.

ನಮ್ಮವರು ಕೆಳಗೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕ್ಯಾಮೆರಾ ನೋಡಿದರು. "ಏನಿಲ್ಲ. ಕುರ್ಚಿಗೆ ಪೂಜೆ ಆಯಿತು."

ಬುಚೋ ಸಾನ್ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನೆಟ್ಟಗೆ ನಿಂತು, "ಅಭಿನಂದನೆಗಳು," ಅಂತ ಕುರ್ಚಿಯ ಕಡೆಗೆ ಬಗ್ಗಿದರು.

೩. ಪಾಲು

ಹೊಸ ಸಿಸ್ಟಮ್ಮಿಗೆ ಜಾಗ ಬೇಕು. ಡಿಸ್ಕಿನಲ್ಲಿ ಇದಿಷ್ಟು ನಿನಗೆ, ಇದಿಷ್ಟು ಅವಳಿಗೆ ಅಂತ ಪಾಲು ಮಾಡಬೇಕು. ಈ ಕೆಲಸಕ್ಕೆ ನಮಗೆ ಒಸಾಕಾದ ಒಬ್ಬ ಸಂಶೋಧಕಿ ಫೋನಿನಲ್ಲಿ ದಾರಿ ತೋರಿಸುತ್ತಿದ್ದಳು. ಹಾಸನದ ಹುಡುಗಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ನಮ್ಮ ಭಜನೆಯಲ್ಲಿ ಒಳ್ಳೆಯ ಕಂಠ ಅವಳದು.

ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ, ಮಧ್ಯೆ ಒಂದು ಗೆರೆ. ನಾನು ಗೆರೆಯನ್ನು ಒಂದು ಕಡೆಗೆ ಎಳೆದೆ. ನಮ್ಮವರು ಮೌಸಿನ ಮೇಲಿದ್ದ ನನ್ನ ಕೈಯ ಮೇಲೆ ಕೈಯಿಟ್ಟು ಇನ್ನೊಂದು ಕಡೆಗೆ ಎಳೆದರು.

"ಆಫೀಸಿಂದಕ್ಕೆ ಜಾಗ ಬೇಕೇ ಬೇಕು. ಅಲ್ಲಿ ಇರೋದೆಲ್ಲ ತುಂಬಾ ಮುಖ್ಯವಾದದ್ದು," ಅಂದರು.

ಮಗಳು ಜಪಾನಿಯಲ್ಲಿ, "ಹಂಬುನ್ ಹಂಬುನ್," ಅಂದಳು. ಅರ್ಧ, ಅರ್ಧ. ಶಾಲೆಯಲ್ಲಿ ಹಾಗೇ ಕಲಿಸಿದ್ದಾರೆ.

ಒಸಾಕಾದವಳು ಫೋನಿನಿಂದ, "ಸರ್, ಮೊದಲು ಯಾವುದು ಎಷ್ಟು ಜಾಗ ತಿಂದಿದೆ ನೋಡೋಣ. ಸ್ಕ್ರೀನ್ ತೋರಿಸಿ," ಅಂದಳು.

ನೋಡಿದೆವು. ಆಫೀಸಿನ ಕಡತಗಳು ಒಂದು ಮೂಲೆಯಲ್ಲಿ ಮುದುರಿಕೊಂಡು ಕೂತಿದ್ದವು, ಹೊರಗಿನವರು ಕೂತ ಹಾಗೆ. ಮಿಕ್ಕಿದ್ದೆಲ್ಲ ವಿಡಿಯೊ. ಒಂದನ್ನು ತೆರೆದರೆ ಪ್ಲಾಟ್‌ಫಾರ್ಮಿಗೆ ರೈಲು ಬರುತ್ತಿದೆ. ಇನ್ನೊಂದನ್ನು ತೆರೆದರೆ ಅದೇ ರೈಲು ಹೋಗುತ್ತಿದೆ. ಮತ್ತೊಂದರಲ್ಲಿ ರೈಲಿಲ್ಲ, ಬರಲಿದೆ ಅನ್ನುವ ಘೋಷಣೆ ಮಾತ್ರ. ಊರಿಂದ ಬಂದ ವರ್ಷದಿಂದ ಹಿಡಿದು ಆಫೀಸು ಮುಚ್ಚುವ ಹಿಂದಿನ ಸಂಜೆಯವರೆಗೂ ನಮ್ಮವರು ಫೋನಿನಲ್ಲಿ ಹಿಡಿದ ರೈಲುಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು.

"ಇದಾ ರೀ ಆಫೀಸಿನ ಮುಖ್ಯವಾದದ್ದು?"

ನಮ್ಮವರು ಕನ್ನಡಕ ಒರೆಸಿಕೊಂಡರು. "ಎಲ್ಲಾ ಆಫೀಸಿಗೆ ಹೋಗೋ ರೈಲುಗಳೇ ಕಣೇ."

೪. ಏನೋ

ಮುಖ್ಯ ಘಟ್ಟ ಬಂತು. ಹಳೆಯದರ ಪಕ್ಕದಲ್ಲೇ ಹೊಸದನ್ನು ಕೂರಿಸುವ ಪುಟ. ಇಲ್ಲಿ ತಪ್ಪು ಗುಂಡಿ ಒತ್ತಿದರೆ ಆಫೀಸಿನದೆಲ್ಲ ಅಳಿಸಿ ಹೋಗುತ್ತದೆ ಅಂತ ಒಸಾಕಾದವಳು ಹಿಂದಿನ ದಿನವೇ ಎಚ್ಚರಿಸಿದ್ದಳು.

ನಾನು ಶುರುವಿನಲ್ಲೇ ಒಂದು ಕೆಲಸ ಮಾಡಿದ್ದೆ. ಯಾವ ಭಾಷೆ ಬೇಕು ಅಂತ ಮೊದಲ ಪುಟ ಕೇಳಿದಾಗ, ಅನ್ನ ಕೊಡುತ್ತಿರುವ ದೇಶಕ್ಕೆ ಗೌರವ ಇರಲಿ ಅಂತ ಜಪಾನಿ ಒತ್ತಿಬಿಟ್ಟಿದ್ದೆ. ನಮ್ಮವರಿಗೆ ಜಪಾನಿ ಮಾತು ಬರುತ್ತದೆ, ಓದಲು ಬರುವುದಿಲ್ಲ. ನನಗೆ ಎರಡೂ ಅಷ್ಟಕ್ಕಷ್ಟೆ. ಓದು ಬರುವವಳು ಮಗಳೊಬ್ಬಳೇ. ಅವಳಿಗೂ ಶಾಲೆಯಲ್ಲಿ ಕಲಿಸಿದಷ್ಟು ಅಕ್ಷರ ಮಾತ್ರ. ಅವಳನ್ನು ಕುರ್ಚಿಯ ಮೇಲೆ ದಿಂಬಿಟ್ಟು ಕೂರಿಸಿದೆವು. ಬೆರಳಿಟ್ಟು ಓದಿದಳು.

"ಈ ಏನೋದಲ್ಲಿ ಆಲ್ರೆಡಿ ಒಂದು ಏನೋ ಇದೆ. ಅದನ್ನ ಎಲ್ಲಾ ಏನೋ ಮಾಡಿ ಹೊಸದು ಹಾಕ್ಲಾ? ಓಕೆನಾ?"

"ಆ ಮಧ್ಯದ ಏನೋ, ಅದೇನು ಪುಟ್ಟಾ?" ನಮ್ಮವರು ಪರದೆಗೆ ಮೂಗು ತಾಗಿಸಿ ಕೇಳಿದರು.

"ಅದು ನೆಕ್ಸ್ಟ್ ಇಯರ್ ಕಲಿಸ್ತಾರೆ ಅಪ್ಪ."

ಒಸಾಕಾದವಳಿಗೆ ವಿಡಿಯೊ ಕಾಲ್ ಮಾಡಿದೆ. ಎತ್ತಿದಳು, ಆದರೆ ಮಾತಿಲ್ಲ. ರೈಲಿನಲ್ಲಿದ್ದಳು. ಇಲ್ಲಿ ರೈಲಿನೊಳಗೆ ಫೋನಿನಲ್ಲಿ ಮಾತಾಡುವುದು ದೇವಸ್ಥಾನಕ್ಕೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ, ಯಾರೂ ಮಾಡುವುದಿಲ್ಲ. ಮುಖಕ್ಕೆ ಮಾಸ್ಕ್, ಕಾಣುವುದು ಕಣ್ಣೆರಡು. ನಾನು ಫೋನನ್ನು ಪರದೆಗೆ ತೋರಿಸಿ, ಮೇಲಿನ ಗುಂಡಿಯ ಮೇಲೆ ಬೆರಳಿಟ್ಟು, "ಇದನ್ನ ಒತ್ತಲಾ ಪುಟ್ಟಿ?" ಅಂದೆ.

ಅವಳು ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು.

"ಹೂಂ ಅಂತಿದಾಳೆ. ಒತ್ತು," ಅಂದರು ನಮ್ಮವರು.

"ಅದು ನಮ್ಮ ಕಡೆ ಹೂಂ. ಜಪಾನಿನಲ್ಲಿ ಊಹೂಂ. ಅವಳು ಬಂದು ಎಷ್ಟು ವರ್ಷ ಆಯ್ತು?"

"ಅವಳು ಹಾಸನದವಳು ಕಣೇ. ಹಾಸನದವರು ಸಾಯೋವರೆಗೂ ಹಾಗೇ ಹೂಂ ಅನ್ನೋದು."

"ಶೀ ಈಸ್ ಲೈಕ್ ಎ ಕಾರ್ ವೈಪರ್," ಅಂದಳು ಮಗಳು.

ನಾವು ಒತ್ತಲಾ ಒತ್ತಲಾ ಅಂದಷ್ಟೂ ಅವಳು ಜೋರಾಗಿ ತಲೆ ಆಡಿಸಿದಳು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಅವಳಿಗೆ ಕುತ್ತಿಗೆ ನೋವೆಂದು ತಿಳಿದು ಬ್ಯಾಗಿನಿಂದ ನೋವಿನ ಪಟ್ಟಿ ತೆಗೆದು ಕೊಟ್ಟರು. ನನಗೆ ಯಾಕೋ ಕೈ ಓಡಲಿಲ್ಲ. ಒಂದು ದೀಪ ಹಚ್ಚಿ ಬರುತ್ತೇನೆ ಅಂತ ಎದ್ದೆ. ಹಚ್ಚಿ ಬರುವಷ್ಟರಲ್ಲಿ ಅವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದಿದ್ದಳು.

"ಆಂಟಿ, ಮೇಲಿನದು ಒತ್ತಬೇಡಿ. ಅದು ಎಲ್ಲಾ ಅಳಿಸು ಅಂತ. ಕೆಳಗಿನದು ಒತ್ತಿ, ಜೊತೆಯಲ್ಲಿ ಇರಲಿ ಅಂತ."

ಕೆಳಗಿನದನ್ನು ಒತ್ತಿದೆ. ಹಳೆಯದು ಹಾಗೇ ಇತ್ತು, ಹೊಸದು ಪಕ್ಕದಲ್ಲಿ ಬಂದು ಕೂತಿತು. ನಮ್ಮವರು ದೀಪಕ್ಕೆ ನನಗಿಂತ ಮುಂಚೆ ನಮಸ್ಕಾರ ಹಾಕಿದರು.

"ನಿಮಗೋಸ್ಕರ ಯಾವುದೋ ಊರಲ್ಲಿ ಇಳಿದುಬಿಟ್ಟಿದೀನಿ ಆಂಟಿ," ಅಂದಳು ಅವಳು. "ಇದು ಯಾವ ಸ್ಟೇಷನ್ ಅಂತಾನೂ ಗೊತ್ತಾಗ್ತಿಲ್ಲ. ಕಂಪ್ಯೂಟರಿನ ಅಕ್ಷರ ಬರುತ್ತೆ, ಈ ಬೋರ್ಡಲ್ಲಿರೋ ಅಕ್ಷರ ನನಗೆ ಬರಲ್ಲ."

ನಮ್ಮ ಮಗಳು ಫೋನಿನ ಹತ್ತಿರ ಬಾಯಿ ತಂದು ಸಮಾಧಾನ ಹೇಳಿದಳು. "ನೆಕ್ಸ್ಟ್ ಇಯರ್ ಕಲಿಸ್ತಾರೆ ಅಕ್ಕ."

೫. ತಾಳ

ಹೊಸ ಸಿಸ್ಟಮ್ಮಿನಲ್ಲಿ ಮೊದಲ ಭಜನೆ. ದೊಡ್ಡ ಪರದೆ, ಎಲ್ಲರ ಮುಖವೂ ಹಲಸಿನ ಹಣ್ಣಿನಷ್ಟು. ಶುರು ಮಾಡಿದೆವು. ಇಂಟರ್‌ನೆಟ್ಟಿನಲ್ಲಿ ಒಬ್ಬರ ದನಿ ಇನ್ನೊಬ್ಬರನ್ನು ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದಲ್ಲ, ಹಾಗಾಗಿ ನಾನು ರಂಗಾ ಅಂದಾಗ ಒಸಾಕಾದಲ್ಲಿ ಇನ್ನೂ ಗಣಪತಿ ನಡೆಯುತ್ತಿದ್ದ, ಇನ್ನೊಬ್ಬರ ಮನೆಯಲ್ಲಿ ಆಗಲೇ ಮಂಗಳಾರತಿ. ತಾಳ ಯಾರದೂ ಯಾರಿಗೂ ಕೂಡಲಿಲ್ಲ.

ಮುಗಿದ ಮೇಲೆ ನನಗೆ ಬಹಳ ತೃಪ್ತಿಯಾಯಿತು. ಒಟ್ಟಿಗೆ ಕರೆದಿದ್ದರೆ ಅವನು ಒಮ್ಮೆ ತಿರುಗಿ ನೋಡುತ್ತಿದ್ದ. ಹೀಗೆ ಒಬ್ಬರಾದ ಮೇಲೆ ಒಬ್ಬರು ಕರೆದರೆ ಅವನಿಗೆ ಬೇರೆ ಕಡೆ ಹೋಗಲು ಬಿಡುವೇ ಇಲ್ಲ.

ನಮ್ಮವರು ಕಿವಿಯಿಂದ ಹತ್ತಿ ತೆಗೆಯುತ್ತಾ ಅಡುಗೆಮನೆಯಿಂದ ಬಂದು, "ಮುಗೀತಾ, ಅಥವಾ ಇದು ಮಧ್ಯದಲ್ಲಿ ಬರೋ ನಿಶ್ಶಬ್ದವಾ?" ಅಂತ ಕೇಳಿದರು.

೬. ದೂರದ ಊರು

ಆಮೇಲೆ ದಿನಚರಿ ಗಟ್ಟಿಯಾಯಿತು. ಬೆಳಿಗ್ಗೆ ಹೊಸದರಲ್ಲಿ ನಮ್ಮ ಹೆಂಗಸರ ಸಹಸ್ರನಾಮ. ಮುಗಿದ ಮೇಲೆ ಮುಚ್ಚಿ, ಹಳೆಯದನ್ನು ತೆರೆದು ನಮ್ಮವರ ಮುಂದೆ ಇಡುತ್ತಿದ್ದೆ. ಆಗಲೇ ಚಳಿಗಾಲ. ಕಾಂಟ್ರಾಕ್ಟಿನ ದಿನ ಹತ್ತಿರವಾಗುತ್ತಿತ್ತು. ಸಹಸ್ರನಾಮ ಶುರುವಾದ ದಿನವೇ, ನಮ್ಮವರಿಗೆ ರಕ್ಷೆ ಇರಲಿ ಅಂತ ನಾನು ಒಂದು ಪುಟ್ಟ ಆಂಜನೇಯನ ಚಿತ್ರವನ್ನು ಪರದೆಯ ಬಲಗಡೆ ಕೆಳಮೂಲೆಗೆ ಅಂಟಿಸಿದೆ.

"ಅಲ್ಲಿ ಟೈಮ್ ಕಾಣುತ್ತಲ್ಲೇ," ಅಂದರು.

"ಟೈಮ್ ಗೋಡೇಲಿದೆ, ಫೋನಲ್ಲಿದೆ, ನಿಮ್ಮ ಕೈಮೇಲೂ ಇದೆ. ಆಂಜನೇಯ ಎಲ್ಲಿದಾನೆ?"

ನಮ್ಮವರು ಹಾಗೇ ಬಿಟ್ಟರು.

ಕೆಲವು ದಿನಕ್ಕೆ ಆಫೀಸಿನವರು ವಿಚಿತ್ರವಾಗಿ ಆಡತೊಡಗಿದರು. ಬೆಳಗಿನ ಮೀಟಿಂಗಿನಲ್ಲಿ ನಮ್ಮವರು ತಮ್ಮ ಪರದೆಯನ್ನು ಎಲ್ಲರಿಗೂ ತೋರಿಸಿ ಲೆಕ್ಕ ಒಪ್ಪಿಸುವುದು ರೂಢಿ. ಅದು ಮುಗಿದ ಕೂಡಲೇ ಬುಚೋ ಸಾನ್, "ತುಂಬಾ ಹೊತ್ತಾಯಿತು. ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ," ಅಂದರು. ಹೊರಗೆ ಬಿಸಿಲು ಆಗ ತಾನೇ ಬಾಲ್ಕನಿಗೆ ಬಂದಿತ್ತು. ಇರಲಿ, ಇವರ ಮರ್ಯಾದೆಯೇ ಹಾಗೆ ಅಂದುಕೊಂಡೆವು.

ಮಾರನೇ ದಿನ ಒಬ್ಬ ಸಹೋದ್ಯೋಗಿ ಮೆಲ್ಲಗೆ ಕೇಳಿದರು. "ಅಲ್ಲಿ ಚಳಿ ಹೇಗಿದೆ?"

ಟೋಕಿಯೋದವರಿಗೆ ಸಗಮಿಹಾರಾ ಅಂದರೆ ಬೆಟ್ಟದ ಬುಡದ ಯಾವುದೋ ದೂರದೂರು ಅನ್ನುವ ಭಾವನೆ. ನಮ್ಮವರು ಉಣ್ಣೆಯ ಮಂಕಿ ಕ್ಯಾಪ್ ಹಾಕಿಕೊಂಡೇ ಕೂತಿದ್ದರು. "ಭಯಂಕರ ಚಳಿ. ನೀರು ಮುಟ್ಟೋ ಹಾಗಿಲ್ಲ," ಅಂದರು.

"ಕತ್ತಲೂ ಬೇಗ ಆಗುತ್ತದಂತೆ?"

"ಹೌದು, ಸಂಜೆ ಕಾಫಿ ಕುಡಿಯೋ ಹೊತ್ತಿಗೇ ಕತ್ತಲು."

"ಮೀನು ಬಹಳ ಚೆನ್ನಾಗಿ ಸಿಗುತ್ತದೆ ಅಂತ ಕೇಳಿದ್ದೇನೆ."

"ಸಿಗುತ್ತೆ. ನಾವು ತಿನ್ನಲ್ಲ, ಆದರೆ ಸಿಗುತ್ತೆ."

"ಬಿಸಿನೀರಿನ ಬುಗ್ಗೆಗಳು?"

"ಹತ್ತಿರದಲ್ಲೇ ಇವೆ. ಈ ಸೋಂಕಿನ ಕಾಲದಲ್ಲಿ ಹೋಗಿಲ್ಲ ಅಷ್ಟೆ."

ಇನ್ನೊಬ್ಬರಿಗೆ ತಡೆಯಲಾಗಲಿಲ್ಲ. "ಜ್ವಾಲಾಮುಖಿ ಕಾಣುತ್ತದೆಯೇ?"

"ಮೋಡ ಇಲ್ಲದಿದ್ದರೆ ಬಾಲ್ಕನಿಯಿಂದ ಚೆನ್ನಾಗಿ ಕಾಣುತ್ತೆ," ಅಂದರು ನಮ್ಮವರು. ಫ್ಯೂಜಿ ಬೆಟ್ಟ ನಮ್ಮ ಬಾಲ್ಕನಿಯಿಂದ ನಿಜಕ್ಕೂ ಕಾಣುತ್ತದೆ. ಅತ್ತ ಕಡೆ ಎಲ್ಲರೂ ಒಮ್ಮೆ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು.

ಆಮೇಲಿನ ವಾರ ಬೆಳಗಿನ ಮೀಟಿಂಗನ್ನೇ ಸಂಜೆಗೆ ಹಾಕಿದರು. ಕಾರಣ ಹೇಳಲಿಲ್ಲ. ನಮ್ಮವರಿಗೆ ಈಗ ನಿಜವಾದ ಭಯ ಹುಟ್ಟಿತು. "ಅವರೆಲ್ಲ ಬೆಳಿಗ್ಗೆ ನನ್ನ ಬಿಟ್ಟು ಬೇರೆ ಮೀಟಿಂಗ್ ಮಾಡ್ತಿದಾರೆ ಕಣೇ. ಕಾಂಟ್ರಾಕ್ಟ್ ಮುಂದುವರಿಸಲ್ಲ. ಸಾಮಾನು ಕಟ್ಟೋದು ಹೇಗೆ ಅಂತ ಯೋಚನೆ ಮಾಡು."

"ಕಟ್ಟೋದು ಬಿಚ್ಚೋದು ಎಲ್ಲಾ ಅವನ ಕೆಲಸ. ನೀವು ಊಟ ಮಾಡಿ," ಅಂದೆ. ನನಗೆ ಅನುಮಾನವೇ ಇರಲಿಲ್ಲ. ಆದರೂ ಇರಲಿ ಅಂತ ಆಂಜನೇಯನ ಸುತ್ತ ಇನ್ನೊಂದು ಪಟ್ಟಿ ಗಟ್ಟಿಯಾಗಿ ಅಂಟಿಸಿದೆ.

ಒಂದು ಶನಿವಾರ ಬೆಲ್ಲಾಯಿತು. ಬಾಗಿಲು ತೆರೆದರೆ ಕಪ್ಪು ಕೋಟು, ಮಾಸ್ಕ್, ಕೈಯಲ್ಲಿ ಕಿತ್ತಳೆ ಹಣ್ಣಿನ ಪೆಟ್ಟಿಗೆ ಹಿಡಿದ ಹಿರಿಯರೊಬ್ಬರು ಮಾರು ದೂರದಲ್ಲಿ ನಿಂತಿದ್ದರು. ವಿಡಿಯೊದಲ್ಲಿ ನೋಡಿದ್ದರಿಂದ ಗುರುತು ಸಿಕ್ಕಿತು. ಬುಚೋ ಸಾನ್.

"ಸುಮಿಮಾಸೆನ್, ಕ್ಷಮಿಸಿ. ಈ ಕಡೆಗೆ ಬಂದಿದ್ದೆ," ಅಂದರು. ನಮ್ಮ ಕಡೆಗೆ ಯಾರೂ ಸುಮ್ಮನೆ ಬರುವುದಿಲ್ಲ. ಶಿನಾಗಾವಾದಿಂದ ಒಂದು ರೈಲು ಬದಲಿಸಿ, ಬಸ್ಸು ಹಿಡಿದು, ಏರು ಹತ್ತಬೇಕು.

ನಮ್ಮವರು ಮಂಕಿ ಕ್ಯಾಪಿನಲ್ಲೇ ಓಡಿ ಬಂದರು. ಬುಚೋ ಸಾನ್ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಣ್ಣು ಒದ್ದೆಯಾದವು. "ಇದ್ದೀರಿ," ಅಂದರು.

"ಇದ್ದೀನಿ," ಅಂದರು ನಮ್ಮವರು.

ಬಾಗಿಲ ಹೊರಗೇ ಸ್ಟೂಲು ಹಾಕಿ, ಬಿಸಿ ಕಾಫಿ ಕೊಟ್ಟೆ. ನಿಧಾನವಾಗಿ ಬಾಯಿಬಿಟ್ಟರು. ನಮ್ಮವರು ಪರದೆ ತೋರಿಸಿದಾಗಲೆಲ್ಲ ಮೂಲೆಯ ಗಡಿಯಾರದಲ್ಲಿ ನಡುರಾತ್ರಿ ದಾಟಿದ ಸಮಯ ಕಾಣುತ್ತಿತ್ತಂತೆ. ಇಡೀ ವಿಭಾಗ ಅದನ್ನು ನೋಡಿತು. ಗಡಿ ಮುಚ್ಚಿರುವ ಕಾಲದಲ್ಲಿ ಇವರು ಹೇಗೋ ದೇಶ ಬಿಟ್ಟು ಹೋಗಿದ್ದಾರೆ ಅಂತ ತೀರ್ಮಾನಿಸಿತು. ಕೇಳುವುದು ಮರ್ಯಾದೆಯಲ್ಲ. ಭೂಪಟ ಹರಡಿಕೊಂಡು, ಆ ಹೊತ್ತಿಗೆ ಅಷ್ಟು ಗಂಟೆ ಎಲ್ಲಿ ಅಂತ ಹುಡುಕಿದರು. ಇಂಗ್ಲೆಂಡ್ ಅಂದರು ಕೆಲವರು. ಚಳಿ, ಕತ್ತಲು, ಮೀನು, ಬಿಸಿನೀರಿನ ಬುಗ್ಗೆ ಎಲ್ಲಾ ಕೂಡಿಸಿದಾಗ ಅನುಮಾನ ಬೇರೆ ಕಡೆ ತಿರುಗಿತು. ಜ್ವಾ‍ಲಾಮುಖಿ ಬಂದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

"ಐಸ್‌ಲ್ಯಾಂಡ್," ಅಂದರು ಬುಚೋ ಸಾನ್. "ಆ ಟೋಪಿಯೂ ಅಲ್ಲಿಯದೇ ಅಂದುಕೊಂಡೆವು."

"ಇದು ಚಿಕ್ಕಪೇಟೆದು," ಅಂದರು ನಮ್ಮವರು.

ಪಾಪ, ನಿದ್ದೆಗೆಟ್ಟು ಕೆಲಸ ಮಾಡುತ್ತಿದ್ದಾರಲ್ಲ ಅಂತ ಮೀಟಿಂಗನ್ನು ಸಂಜೆಗೆ ಸರಿಸಿದ್ದೂ ಅದಕ್ಕೇ. ಆದರೆ ಕಾಂಟ್ರಾಕ್ಟಿನ ಕಾಗದದಲ್ಲಿ, ಈ ನೌಕರ ಜಪಾನಿನಲ್ಲೇ ವಾಸವಿದ್ದಾನೆ ಅಂತ ಅವರು ಮುದ್ರೆ ಒತ್ತಬೇಕು. ಸುಳ್ಳಿಗೆ ಒತ್ತುವ ಹಾಗಿಲ್ಲ.

"ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ," ಅಂದೆ ನಾನು.

"ಕೇಳಿದರೆ ಅವರು ಸುಳ್ಳು ಹೇಳಬೇಕಾಗಿ ಬರಬಹುದಿತ್ತು. ಅವರಿಂದ ಸುಳ್ಳು ಹೇಳಿಸಿದ ತಪ್ಪು ನನ್ನದಾಗುತ್ತಿತ್ತು. ಬಂದು ನೋಡಿದರೆ ಯಾರೂ ಏನೂ ಹೇಳಬೇಕಾಗಿಲ್ಲ."

ನನಗೆ ಆ ಮನುಷ್ಯನಿಗೆ ಅಲ್ಲೇ ಕೈಮುಗಿಯಬೇಕು ಅನ್ನಿಸಿತು. ಮುಗಿದೆ ಕೂಡ.

ಒಸಾಕಾದವಳಿಗೆ ಫೋನ್ ಹಚ್ಚಿದೆವು. ಅವಳು ಬಿಡಿಸಿ ಹೇಳಿದಳು. ಪೆಟ್ಟಿಗೆಯೊಳಗೆ ಗಡಿಯಾರ ಒಂದೇ, ಸಂಸಾರ ಎರಡು. ಹೊಸದು ಅದನ್ನು ಇಂಗ್ಲೆಂಡಿನ ಗಂಟೆಗೆ ತಿರುಗಿಸಿಟ್ಟು, ಜಪಾನಿನ ಗಂಟೆಯನ್ನು ತಾನೇ ಮನಸ್ಸಿನಲ್ಲಿ ಕೂಡಿಕೊಳ್ಳುತ್ತದೆ. ಹಳೆಯದಕ್ಕೆ ಈ ಕೂಡುವ ಕಳೆಯುವ ಅಭ್ಯಾಸವಿಲ್ಲ, ಗಡಿಯಾರ ತೋರಿಸಿದ್ದೇ ಸರಿ ಅಂದುಕೊಳ್ಳುತ್ತದೆ. ಯಾವಾಗಲೋ ಒಮ್ಮೆ ಅದು ತನ್ನನ್ನು ತಿದ್ದಿಕೊಂಡರೂ, ಬೆಳಿಗ್ಗೆ ನಾನು ಸಹಸ್ರನಾಮಕ್ಕೆ ಕೂತ ಕೂಡಲೇ ಗಡಿಯಾರ ಮತ್ತೆ ಇಂಗ್ಲೆಂಡಿಗೆ ಹೋಗುತ್ತಿತ್ತು. ಕಾಣುತ್ತಿದ್ದರೆ ನಮಗೂ ಗೊತ್ತಾಗುತ್ತಿತ್ತು. ಆದರೆ ನಮ್ಮ ಕಡೆಯಿಂದ ಆ ಮೂಲೆಯಲ್ಲಿ ಆಂಜನೇಯ ಗಟ್ಟಿಯಾಗಿ ನಿಂತಿದ್ದ.

"ಎರಡು ನಿಮಿಷದ ಕೆಲಸ ಸರ್, ಈಗಲೇ ಸರಿ ಮಾಡಿಬಿಡೋಣ," ಅಂದಳು ಅವಳು.

ಬುಚೋ ಸಾನ್ ಎದ್ದರು. ಸೋಮವಾರವೇ ಮುದ್ರೆ ಒತ್ತುತ್ತೇನೆ ಅಂದರು. ನಮ್ಮವರು ಬಗ್ಗಿದವರು ಏಳಲೇ ಇಲ್ಲ. ನಾನು ಮನಸ್ಸಿನಲ್ಲೇ ರಂಗನಾಥನಿಗೆ, ನಾನು ಹೇಳಿರಲಿಲ್ಲವಾ ಅಂದೆ. ಲಿಫ್ಟಿನವರೆಗೂ ಹೋಗಿ ಬಿಟ್ಟುಬರಲು ನಾವಿಬ್ಬರೂ ಹೊರಟೆವು. ಲಿಫ್ಟ್ ಬಂತು. ಬುಚೋ ಸಾನ್ ಒಳಗೆ ಕಾಲಿಟ್ಟವರು ಬಾಗಿಲನ್ನು ಕೈಯಲ್ಲಿ ತಡೆದು ನಿಂತರು. ಕಿವಿ ಕೆಂಪಾಗಿದ್ದವು.

"ಆ ಗಡಿಯಾರ," ಅಂದರು. "ಅದನ್ನು ಸರಿ ಮಾಡಲೇಬೇಕೇ?"

ನಮ್ಮವರು ಮಂಕಿ ಕ್ಯಾಪ್ ತೆಗೆದು ಕಿವಿಗೊಟ್ಟರು.

"ಬೆಳಗಿನ ಮೀಟಿಂಗ್ ನಮ್ಮಲ್ಲಿ ಯಾರಿಗೂ ಬೇಕಿರಲಿಲ್ಲ. ಎಷ್ಟೋ ವರ್ಷದಿಂದ ಯಾರಿಗೂ ಬೇಕಿರಲಿಲ್ಲ. ಹೇಳುವುದು ಹೇಗೆ ಅಂತ ಗೊತ್ತಿರಲಿಲ್ಲ," ಅಂತ ಬುಚೋ ಸಾನ್ ಸೊಂಟದವರೆಗೂ ಬಗ್ಗಿದರು. "ದಯವಿಟ್ಟು ಇನ್ನು ಸ್ವಲ್ಪ ಕಾಲ ಐಸ್‌ಲ್ಯಾಂಡಿನಲ್ಲೇ ಇರಿ."

ಇಷ್ಟು ಹೊತ್ತು ಕಿವಿಗೊಟ್ಟು ಕೂತ ನಿಮಗೆಲ್ಲ ಆ ರಂಗನಾಥ ಆರೋಗ್ಯ ಕೊಡಲಿ, ಮಾಡುವ ಕೆಲಸ ಕೈಹಿಡಿಯಲಿ, ಮನೆ ತುಂಬಿರಲಿ. ಕೇಳದೆಯೇ ನಿಮ್ಮ ಕಷ್ಟ ಅರಿಯುವ ಜನ ಸುತ್ತ ಇರಲಿ, ಅವರು ತಪ್ಪಾಗಿ ಅರಿತಾಗ ಮನೆಯ ತನಕ ಬಂದು ನೋಡುವಷ್ಟು ಒಳ್ಳೆಯವರೂ ಆಗಿರಲಿ. ಎಲ್ಲರಿಗೂ ಒಳ್ಳೆಯದಾಗಲಿ.